ಇದು ನಕ್ಷತ್ರದ್ದಾ, ನನ್ನದಾ?

(ದಾವಣಗೆರೆಯಲ್ಲಿ ಕಾಲೇಜು ವಿದ್ಯಾರ್ಥಿಗಳು, ಮೇಷ್ಟ್ರುಗಳು ಮತ್ತು ಊರಿನ ಆಸಕ್ತರ ಮುಂದೆ ಆಡಿದ ಮಾತಿನ ಬರಹ ರೂಪ)

ಜಗಳೂರು ಕಡೆಯ ನಮ್ಮೂರಿಗೆ ಹೋದಾಗಲೆಲ್ಲಾ ಚಿಕ್ಕಪ್ಪ ಕೇಳುವುದು ಒಂದೇ ಮಾತು. "ಏನವ್ವ, ರಾತ್ರಿಯೆಲ್ಲಾ ದುರ್ಬೀನಿಗೆ ಕಣ್ಣಿಟ್ಟುಕೊಂಡು ಕೂತಿರ್ತೀಯಾ? ನಿದ್ದೆ ಯಾವಾಗ ಮಾಡ್ತೀಯಾ?" ನನ್ನದು ಖಗೋಳ ವಿಜ್ಞಾನದ ಕೆಲಸ. ಇಲ್ಲ ಚಿಕ್ಕಪ್ಪ, ನಾನೂ ಎಲ್ಲರ ಹಾಗೆ ಆಫೀಸಿಗೆ ಹೋಗಿ ಬರುತ್ತೇನೆ ಅಂದರೆ ಅವರಿಗೆ ಬೇಜಾರು. ನಿಮಗೂ ಬೇಜಾರಾಗಬಹುದು, ಮೊದಲೇ ಹೇಳಿಬಿಡುತ್ತೇನೆ. ಕಳೆದ ವರ್ಷ ನಾನು ಟೆಲಿಸ್ಕೋಪಿಗೆ ನನ್ನ ಸ್ವಂತ ಕಣ್ಣು ಇಟ್ಟಿದ್ದು ಒಂದೇ ಒಂದು ಸಲ. ಅದೂ ಶಾಲೆ ಮಕ್ಕಳಿಗೆ ಶನಿಗ್ರಹದ ಬಳೆ ತೋರಿಸುವಾಗ, ಸರಿಯಾಗಿ ಕಾಣುತ್ತಿದೆಯಾ ಅಂತ ನೋಡಲು. ಉಳಿದ ದಿನಗಳಲ್ಲಿ ನಾನು ನೋಡುವುದು ಬರೀ ಅಂಕಿಗಳನ್ನು.

ಒಂದು ದಿನ ಹೇಗಿರುತ್ತದೆ ಅಂತ ಹೇಳುತ್ತೇನೆ. ಬೆಳಗ್ಗೆ ಒಂಬತ್ತೂವರೆಗೆ ಚಹಾ ಹಿಡಿದು ಕಂಪ್ಯೂಟರ್ ಮುಂದೆ ಕೂರುತ್ತೇನೆ. ಹಿಂದಿನ ಸಂಜೆ ಒಂದು ಪ್ರೋಗ್ರಾಂ ಓಡಲು ಬಿಟ್ಟು ಮನೆಗೆ ಹೋಗಿರುತ್ತೇನೆ. ನಾನೂರು ಫೈಲುಗಳನ್ನು ಒಂದೊಂದಾಗಿ ತೆರೆದು, ಒಳಗಿರುವ ನಕ್ಷತ್ರದ ಬೆಳಕು ಅಳೆದು, ಒಂದು ಪಟ್ಟಿ ಮಾಡಿಡಬೇಕು. ಬೆಳಗ್ಗೆ ನೋಡಿದರೆ 63ನೇ ಫೈಲಿನಲ್ಲಿ ಅದು ಬಿದ್ದುಕೊಂಡಿರುತ್ತದೆ. ರಾತ್ರಿ ಎರಡೂಕಾಲಿಗೇ ಪ್ರಾಣ ಬಿಟ್ಟಿರುತ್ತದೆ. ಯಾಕೆ ಅಂತ ಹುಡುಕಬೇಕು. ಆ ಒಂದು ಫೈಲಿನಲ್ಲಿ ಮಾತ್ರ ನಕ್ಷತ್ರದ ಹೆಸರಿನ ನಡುವೆ ಒಂದು ಜಾಗ ಜಾಸ್ತಿ ಬಿಟ್ಟಿರುತ್ತಾರೆ. ಅಷ್ಟೇ. ಮಧ್ಯಾಹ್ನದ ಊಟದ ಹೊತ್ತಿಗೆ ಅದು ಸಿಕ್ಕರೆ ಆ ದಿನ ಒಳ್ಳೆಯ ದಿನ.

ಹಾಗಾದರೆ ಟೆಲಿಸ್ಕೋಪ್ ಎಲ್ಲಿ? ನಮ್ಮ ದೇಶದಲ್ಲಿ ಚೆನ್ನಾಗಿ ಕೆಲಸ ಮಾಡುವ ಟೆಲಿಸ್ಕೋಪುಗಳಲ್ಲಿ ಒಂದು ಲಡಾಖಿನ ಹಾನ್ಲೆಯಲ್ಲಿದೆ. 4500 ಮೀಟರ್ ಎತ್ತರ. ಅದರ ಕನ್ನಡಿಯ ಅಗಲ 2 ಮೀಟರ್. ಅದನ್ನು ನಡೆಸುವುದು ಎಲ್ಲಿಂದ ಗೊತ್ತಾ? ಬೆಂಗಳೂರಿನ ಪಕ್ಕದ ಹೊಸಕೋಟೆಯಿಂದ. ನಡುವೆ ಎರಡು ಸಾವಿರ ಕಿಲೋಮೀಟರಿಗೂ ಜಾಸ್ತಿ ದೂರ, ಸಂಪರ್ಕ ಉಪಗ್ರಹದ ಮೂಲಕ. ನನ್ನ ಪಾಳಿ ಬಂದ ರಾತ್ರಿ ನಾನು ಹೊಸಕೋಟೆಯ ಕೋಣೆಯೊಂದರಲ್ಲಿ ಟ್ಯೂಬ್‌ಲೈಟ್ ಕೆಳಗೆ ಕೂತಿರುತ್ತೇನೆ. ಹೊರಗೆ ಜೋರು ಮಳೆ ಇರಬಹುದು. ಪರದೆಯ ಮೇಲೆ ಮಾತ್ರ ಹಾನ್ಲೆಯ ಶುಭ್ರ ಆಕಾಶ. ತಮಿಳುನಾಡಿನ ಕಾವಲೂರಿನಲ್ಲಿ 2.34 ಮೀಟರಿನ ದೊಡ್ಡ ಟೆಲಿಸ್ಕೋಪ್ ಇದೆ, 1986ರಿಂದ. ಅಲ್ಲಿ ಗುಮ್ಮಟದೊಳಗೆ ನಿಂತರೆ ಅದು ತಿರುಗುವ ಸದ್ದು ಕೇಳುತ್ತದೆ. ಹೊಸಕೋಟೆಯಲ್ಲಿ ಎಸಿ ಸದ್ದು.

ಅಲ್ಲಿಂದ ಬರುವುದು ಫೋಟೋ ಅಂತ ನಾವು ಅನ್ನುತ್ತೇವೆ. ನಿಜವಾಗಿ ಅದು ಅಂಕಿಗಳ ಚೌಕ. ಸಾಧಾರಣ ಕ್ಯಾಮೆರಾದಲ್ಲಿ 2048 ಸಾಲು, ಒಂದೊಂದು ಸಾಲಿನಲ್ಲಿ 2048 ಮನೆ. ಒಟ್ಟು ಸುಮಾರು 42 ಲಕ್ಷ ಮನೆ. ಪ್ರತಿ ಮನೆಯಲ್ಲೂ ಒಂದು ಸಂಖ್ಯೆ, ಹೆಚ್ಚೆಂದರೆ 65,535. ಇದನ್ನು ಇಡುವ ಫೈಲಿಗೆ ಫಿಟ್ಸ್ ಅನ್ನುತ್ತಾರೆ. 1981ರಿಂದ ಜಗತ್ತಿನಾದ್ಯಂತ ಖಗೋಳದವರೆಲ್ಲಾ ಇದನ್ನೇ ಬಳಸುತ್ತಿದ್ದೇವೆ. ಫೈಲಿನ ತಲೆಯಲ್ಲಿ ಒಂದು ವಿವರ ಇರುತ್ತದೆ: ಯಾವ ತಾರೀಖು, ಎಷ್ಟು ಗಂಟೆ, ಯಾವ ನಕ್ಷತ್ರ, ಎಷ್ಟು ಸೆಕೆಂಡು ಬೆಳಕು ಹಿಡಿದದ್ದು, ಯಾವ ಬಣ್ಣದ ಗಾಜು. ಅದಕ್ಕೆ ಹೆಡರ್ ಅಂತ ಹೆಸರು. ನಾನು ಪಹಣಿ ಅನ್ನುತ್ತೇನೆ. ಯಾರ ಹೊಲ, ಎಷ್ಟು ಗುಂಟೆ, ಏನು ಬೆಳೆ, ಎಲ್ಲಾ ಅದರಲ್ಲಿ ಬರೆದಿರುತ್ತದೆ. ಪಹಣಿಯಲ್ಲಿ ಬರೆದದ್ದೆಲ್ಲಾ ಹೊಲದಲ್ಲಿ ಇರುವುದಿಲ್ಲ ಅಂತ ಇಲ್ಲಿ ಯಾರಿಗೂ ನಾನು ಹೇಳಬೇಕಾಗಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಈಗ ನಕ್ಷತ್ರದ ಬೆಳಕು ಎಷ್ಟು ಅಂತ ಅಳೆಯಬೇಕು. ಇಲ್ಲಿ ಎಪಿಎಂಸಿ ಕಡೆ ಮೆಕ್ಕೆಜೋಳ ತಂದವರು ಇದ್ದೀರಲ್ಲಾ? ವೇ ಬ್ರಿಡ್ಜ್ ಮೇಲೆ ಲಾರಿ ನಿಲ್ಲಿಸಿದ ತಕ್ಷಣ ಬಂದ ತೂಕಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ಖಾಲಿ ಲಾರಿಯ ತೂಕ ಕಳೆಯಬೇಕು. ಕ್ಯಾಮೆರಾದ್ದೂ ಅದೇ ಕಥೆ. ಮುಚ್ಚಳ ಮುಚ್ಚಿ, ಒಂದು ಹನಿ ಬೆಳಕೂ ಬೀಳದ ಹಾಗೆ ಮಾಡಿ ಚಿತ್ರ ತೆಗೆದರೂ ಪ್ರತಿ ಮನೆಯಲ್ಲಿ ಕೆಲವು ನೂರು ಅಂಕಿ ಇರುತ್ತದೆ. ಅದು ಕ್ಯಾಮೆರಾದ ಸ್ವಂತ ತೂಕ. ಅದಕ್ಕೇ ರಾತ್ರಿ ಶುರುವಾಗುವ ಮೊದಲು ಹತ್ತಿಪ್ಪತ್ತು ಖಾಲಿ ಚಿತ್ರ ತೆಗೆದಿಟ್ಟುಕೊಂಡು ಆಮೇಲೆ ಕಳೆಯುತ್ತೇವೆ.

ಅದಾದ ಮೇಲೆ ವಡೆ ತೆಗೆಯಬೇಕು. ನಗಬೇಡಿ. ಕ್ಯಾಮೆರಾ ಮುಂದಿನ ಗಾಜಿನ ಮೇಲೆ ದೂಳಿನ ಕಣ ಕೂತರೆ ಅದರ ನೆರಳು ಚಿತ್ರದ ಮೇಲೆ ಉದ್ದಿನ ವಡೆಯ ಹಾಗೆ ಬೀಳುತ್ತದೆ, ನಡುವೆ ತೂತು ಇಟ್ಟುಕೊಂಡು. ನಮ್ಮ ನಕ್ಷತ್ರ ಆ ವಡೆಯ ಮೇಲೆ ಬಂದು ಕೂತರೆ ಅದರ ಬೆಳಕು ಕಡಿಮೆಯಾದ ಹಾಗೆ ಕಾಣುತ್ತದೆ. ಕಡಿಮೆಯಾಗಿದ್ದು ನಕ್ಷತ್ರ ಅಲ್ಲ. ಇದಕ್ಕೆ ಉಪಾಯ ಏನಂದರೆ, ಎಲ್ಲಾ ಕಡೆ ಒಂದೇ ಸಮ ಬೆಳಗಿರುವ ಏನನ್ನಾದರೂ ಚಿತ್ರ ತೆಗೆದು ವಡೆಗಳು ಎಲ್ಲೆಲ್ಲಿವೆ ಅಂತ ಮೊದಲೇ ತಿಳಿದುಕೊಳ್ಳುವುದು. ಅಂಥ ಜಾಗ ಅಂದರೆ ಮುಸ್ಸಂಜೆಯ ಆಕಾಶ. ಹೊತ್ತು ಮುಳುಗಿದೆ, ನಕ್ಷತ್ರ ಇನ್ನೂ ಮೂಡಿಲ್ಲ. ಆ ಹದ ಸಿಗುವುದು ಹದಿನೈದಿಪ್ಪತ್ತು ನಿಮಿಷ ಮಾತ್ರ. ಪ್ರತಿ ಚಿತ್ರಕ್ಕೂ ಬೆಳಕು ಇಳಿಯುತ್ತಾ ಹೋಗುತ್ತದೆ, ಸೆಕೆಂಡು ಏರಿಸುತ್ತಾ ಹೋಗಬೇಕು. ಎಲ್ಲರೂ ಸಂಜೆ ನೋಡಿ ಕವಿತೆ ಬರೆಯುತ್ತಾರೆ. ನಮಗೆ ಆಗ ಮಾತಾಡಲೂ ಪುರುಸೊತ್ತಿರುವುದಿಲ್ಲ.

ಆಮೇಲೆ ಕಾಸ್ಮಿಕ್ ಕಿರಣಗಳು, ಅಂದರೆ ಬಾಹ್ಯಾಕಾಶದಿಂದ ಬರುವ ಕಣಗಳು, ಕ್ಯಾಮೆರಾಕ್ಕೆ ನೇರ ಬಡಿದು ಚಿಕ್ಕ ಚಿಕ್ಕ ಬಿಳಿ ಚುಕ್ಕೆ ಮಾಡಿರುತ್ತವೆ. ಉಪಗ್ರಹ ಹಾದು ಹೋಗಿ ಉದ್ದಕ್ಕೆ ಗೀಟು ಎಳೆದಿರುತ್ತದೆ. ಆಕಾಶವೂ ಪೂರ್ತಿ ಕಪ್ಪಲ್ಲ, ನಕ್ಷತ್ರದ ಸುತ್ತ ಒಂದು ಬಳೆ ಹಾಕಿ ಆ ಬಳೆಯ ಬೆಳಕನ್ನು ಕಳೆಯಬೇಕು. ನಮ್ಮವ್ವ ಮೊರದಲ್ಲಿ ರಾಗಿ ಕೇರುತ್ತಿದ್ದದ್ದು ನೆನಪಾಗುತ್ತದೆ. ಹೊಟ್ಟು ಹಾರಬೇಕು, ಕಾಳು ಉಳಿಯಬೇಕು. ಕೈ ಜೋರಾದರೆ ಕಾಳೂ ಹಾರುತ್ತದೆ. ಕಾಸ್ಮಿಕ್ ಕಿರಣ ತೆಗೆಯುವ ಕೋಡನ್ನು, ಅಂದರೆ ನಾವು ಬರೆದ ಪ್ರೋಗ್ರಾಂ ಅನ್ನು, ಸ್ವಲ್ಪ ಬಿಗಿ ಮಾಡಿದರೆ ಅದು ನಕ್ಷತ್ರದ ತಲೆಯನ್ನೇ ಕತ್ತರಿಸಿ ಹಾಕುತ್ತದೆ, ಸದ್ದಿಲ್ಲದೆ. ಯಾವ ಎಚ್ಚರಿಕೆಯೂ ಬರುವುದಿಲ್ಲ. ನನಗೆ ಭಯ ಇರುವುದು ಇಂಥ ಕೋಡಿನ ಬಗ್ಗೆ. ಬಿದ್ದು ಹೋಗುವ ಕೋಡು ಪ್ರಾಮಾಣಿಕ. ನಗುನಗುತ್ತಾ ತಪ್ಪು ಉತ್ತರ ಕೊಡುವ ಕೋಡಿದೆಯಲ್ಲಾ, ಅದು ಅಪಾಯ.

ಇನ್ನೊಂದು ಥರದ ಮೋಸ ಹೇಳುತ್ತೇನೆ. ಇದು ಹೊಲ ಇದ್ದವರಿಗೆ ಬೇಗ ಅರ್ಥ ಆಗುತ್ತದೆ. ಒಂದು ಊರಲ್ಲಿ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು 8 ಗಂಟೆ ಇರುತ್ತದೆ, 8 ಗಂಟೆ ಇರುವುದಿಲ್ಲ ಅಂತ ಇಟ್ಟುಕೊಳ್ಳಿ. ಮತ್ತೆ 8 ಗಂಟೆ ಇರುತ್ತದೆ. ಸುಮ್ನೆ ಲೆಕ್ಕಕ್ಕೆ ಹೇಳುತ್ತಿದ್ದೇನೆ, ಬೆಸ್ಕಾಂನವರು ಯಾರಾದರೂ ಇದ್ದರೆ ಬೇಜಾರು ಮಾಡಿಕೊಳ್ಳಬೇಡಿ. ನೀವು ದಿನಾ ಬೆಳಗ್ಗೆ ಆರಕ್ಕೆ ಮಾತ್ರ ಹೊಲಕ್ಕೆ ಹೋಗುತ್ತೀರಿ. ಇವತ್ತು ಐದು ಗಂಟೆಗೆ ಕರೆಂಟು ಬಂದಿದೆ, ಆರಕ್ಕೆ ಮೋಟಾರು ಓಡುತ್ತಿದೆ. ನಾಳೆ ಆರಕ್ಕೆ? ಲೆಕ್ಕ ಹಾಕಿ ನೋಡಿ, ಇಲ್ಲ. ನಾಡಿದ್ದು ಇದೆ. ಆಚೆ ನಾಡಿದ್ದು ಇಲ್ಲ. ನೀವು ಊರಿಗೆ ಬಂದು ಏನು ಹೇಳುತ್ತೀರಿ? "ದಿನ ಬಿಟ್ಟು ದಿನ ಕರೆಂಟ್ ಕೊಡ್ತಾರೆ" ಅಂತ. ನೀವು ಸುಳ್ಳು ಹೇಳಿಲ್ಲ. ನೋಡಿದ್ದನ್ನೇ ಹೇಳಿದ್ದೀರಿ. ಆದರೂ 16 ಗಂಟೆಯ ಸುತ್ತು ನಿಮ್ಮ ಲೆಕ್ಕದಲ್ಲಿ 48 ಗಂಟೆ ಆಗಿಬಿಟ್ಟಿದೆ.

ನಾನು ನೋಡುವ ನಕ್ಷತ್ರಗಳು ಉಬ್ಬುತ್ತಾ ಕುಗ್ಗುತ್ತಾ ಇರುತ್ತವೆ, ಬೆಳಕು ಏರಿಳಿಯುತ್ತದೆ. 16 ಗಂಟೆಗೆ ಒಂದು ಸುತ್ತು ಹಾಕುವ ನಕ್ಷತ್ರವನ್ನು ನಾನು ದಿನಾ ರಾತ್ರಿ ಹತ್ತಕ್ಕೆ ಮಾತ್ರ ನೋಡಿದರೆ ನನಗೂ ಎರಡು ದಿನ ಅಂತಲೇ ಕಾಣುತ್ತದೆ. ಹಗಲಲ್ಲಿ ನಾನು ಅದನ್ನು ನೋಡುವ ಹಾಗಿಲ್ಲವಲ್ಲ! ಅದಕ್ಕೇ ಭೂಮಿಯ ಬೇರೆ ಬೇರೆ ಕಡೆ ಇರುವ ಟೆಲಿಸ್ಕೋಪುಗಳ ಜೊತೆ ಸ್ನೇಹ ಬೇಕು. ನಮಗೆ ಬೆಳಗಾದಾಗ ಇನ್ನೊಂದು ಕಡೆ ರಾತ್ರಿ. ಹಾನ್ಲೆಯಲ್ಲಿ 70 ಸೆಂಟಿಮೀಟರಿನ ಗ್ರೋತ್-ಇಂಡಿಯಾ ಅನ್ನುವ ಟೆಲಿಸ್ಕೋಪ್ ಇದೆ. ತಾನಾಗೇ ನಡೆಯುವಂಥದ್ದು, ಇಂಥದೇ ಒಂದು ಬಳಗಕ್ಕೆ ಸೇರಿದ್ದು.

ಮಳೆ ನಕ್ಷತ್ರಗಳ ಮಾತು ಬಿಟ್ಟು ಹೋಗಲು ಮನಸ್ಸಿಲ್ಲ. ರೋಹಿಣಿ, ಮೃಗಶಿರ, ಆರಿದ್ರ ಅಂತ ನಮ್ಮ ಕಡೆ ಈಗಲೂ ಲೆಕ್ಕ ಇಡುತ್ತಾರೆ. ಜೂನ್ ಕೊನೆಯಲ್ಲಿ ಆರಿದ್ರ ಮಳೆ. ಆ ದಿನಗಳಲ್ಲಿ ಆರಿದ್ರ ನಕ್ಷತ್ರ ನೋಡೋಣ ಅಂತ ರಾತ್ರಿ ಹೊರಗೆ ಬಂದರೆ ಕಾಣುವುದೇ ಇಲ್ಲ, ಮೋಡ ಇಲ್ಲದಿದ್ದರೂ. ಯಾಕಂದರೆ ಸೂರ್ಯ ಆರಿದ್ರದ ಕಡೆ ಇದ್ದಾನೆ ಅಂತಲೇ ಅದು ಆರಿದ್ರ ಮಳೆ. ನಕ್ಷತ್ರ ಹಗಲಲ್ಲಿ ಸೂರ್ಯನ ಜೊತೆಗೇ ಮೂಡಿ ಮುಳುಗುತ್ತದೆ. ಈ ಆರಿದ್ರವನ್ನೇ ಇಂಗ್ಲಿಷಿನವರು ಬೀಟಲ್‌ಜ್ಯೂಸ್ ಅನ್ನುವುದು. 2019ರ ಕೊನೆಗೆ ಅದು ಮಂಕಾಗುತ್ತಾ ಬಂತು. 2020ರ ಫೆಬ್ರವರಿ ಹೊತ್ತಿಗೆ ಎಂದಿನ ಅರ್ಧಕ್ಕಿಂತ ಕಡಿಮೆ ಬೆಳಕು. ಇನ್ನೇನು ಸಿಡಿಯುತ್ತದೆ ಅಂತ ಟಿವಿಯವರೂ ಹೇಳಿದರು. ಸಿಡಿಯಲಿಲ್ಲ. ನಕ್ಷತ್ರವೇ ಉಗುಳಿದ ಅನಿಲ ತಣ್ಣಗಾಗಿ ದೂಳಾಗಿ ನಮಗೂ ಅದಕ್ಕೂ ನಡುವೆ ಬಂದಿತ್ತು. ಮತ್ತೆ ಬೆಳಗಿತು. ಆದರೆ ಮುಂದೇನಾಗುತ್ತದೆ ಅಂತ ನೋಡುವಷ್ಟರಲ್ಲಿ ಆರಿದ್ರ ಮಳೆ ಬಂತು! ಭೂಮಿಯ ಮೇಲಿನ ಟೆಲಿಸ್ಕೋಪುಗಳಿಗೆ ನಕ್ಷತ್ರ ಸಿಗಲಿಲ್ಲ. ಆಗ ಸೂರ್ಯನನ್ನು ನೋಡಲು ಹಾರಿಸಿದ್ದ ಸ್ಟೀರಿಯೋ ಅನ್ನುವ ನೌಕೆ ಬೇರೆ ಕಡೆ ಇತ್ತು, ಅದರಿಂದ ಅಳೆದರು. ನಮ್ಮಜ್ಜಿಗೆ ಆರಿದ್ರ ಬಿತ್ತನೆಯ ಕಾಲ. ಆರಿದ್ರವನ್ನು ಅಳೆಯುವವರಿಗೆ ರಜೆಯ ಕಾಲ.

ಈಗ ಪಹಣಿ ವಿಷಯಕ್ಕೆ ಬರುತ್ತೇನೆ. ನನ್ನ ಪಿಎಚ್‌ಡಿಯ ಎರಡನೇ ವರ್ಷ. ದೂರದ ಒಂದು ನಕ್ಷತ್ರ, ಅದರ ಸುತ್ತ ಒಂದು ಗ್ರಹ. ಗ್ರಹ ಅಡ್ಡ ಬಂದಾಗ ನಕ್ಷತ್ರದ ಬೆಳಕು ನೂರರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ. ನಮ್ಮ ಗುರುಗ್ರಹ ಸೂರ್ಯನಿಗೆ ಅಡ್ಡ ಬಂದರೆ ಆಗುವುದೂ ಅಷ್ಟೇ. ಹಳೆಯ ಡೇಟಾ ಒಂದಷ್ಟು ಬೇರೆಯವರಿಂದ ತರಿಸಿಕೊಂಡಿದ್ದೆ. ಎಲ್ಲಾ ಸೇರಿಸಿ ನೋಡಿದರೆ ಮೂರು ರಾತ್ರಿಗಳಲ್ಲಿ ಗ್ರಹ ತಡವಾಗಿ ಬಂದಿದೆ! ಗ್ರಹ ತಡವಾಗಿ ಬರುತ್ತದೆ ಅಂದರೆ ಇನ್ನೊಂದು ಕಾಣದ ಗ್ರಹ ಅದನ್ನು ಎಳೆಯುತ್ತಿರಬಹುದು. ಒಂದು ವಾರ ನನಗೆ ನೆಲದ ಮೇಲೆ ಕಾಲಿರಲಿಲ್ಲ. ನಾಲ್ಕು ಪುಟ ಬರೆದೂಬಿಟ್ಟೆ. ಊರಿಗೆ ಫೋನ್ ಮಾಡಿ ಅವ್ವನಿಗೂ ಹೇಳಿದೆ.

ನಮ್ಮ ಗೈಡ್ ಪೂರ್ತಿ ಓದಲೂ ಇಲ್ಲ. "ಎಷ್ಟು ತಡ?" ಅಂದರು. "ಸರ್, ಸುಮಾರು 330 ನಿಮಿಷ." "ಮೂರಕ್ಕೂ ಅಷ್ಟೇನಾ?" "ಹೌದು ಸರ್, 328, 331, 330." ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಅದನ್ನ ಗಂಟೆಗೆ ಮಾಡು ನೋಡೋಣ." ಮಾಡಿದೆ. ಐದೂವರೆ ಗಂಟೆ. ನಮ್ಮ ದೇಶದ ಗಡಿಯಾರ ಜಗತ್ತಿನ ಸಾಮಾನ್ಯ ಸಮಯಕ್ಕಿಂತ ಮುಂದಿರುವುದು ಸರಿಯಾಗಿ ಐದೂವರೆ ಗಂಟೆ. ಆ ಮೂರು ರಾತ್ರಿ ಯಾರೋ ಹೆಡರಿನಲ್ಲಿ ಕೈಗಡಿಯಾರದ ಸಮಯ ಬರೆದಿದ್ದರು. ಉಳಿದವರು ಯುಟಿಸಿ, ಅಂದರೆ ಆ ಜಗತ್ತಿನ ಸಾಮಾನ್ಯ ಸಮಯ ಬರೆದಿದ್ದರು. ನನ್ನ ಕೋಡು ಎರಡನ್ನೂ ಒಂದೇ ಅಂತ ನುಂಗಿತ್ತು. ತಪ್ಪು ಬರೆದವರದ್ದು ಅಂತ ನಾನು ಸ್ವಲ್ಪ ದಿನ ಹೇಳಿಕೊಂಡು ಓಡಾಡಿದೆ. ಕೇಳದೆ ಇದ್ದದ್ದು ನಾನು. ಅವ್ವ ಮಾತ್ರ ಬಹಳ ದಿನ ಕೇಳುತ್ತಿದ್ದಳು, "ಆ ನಿನ್ನ ಗ್ರಹ ಏನಾಯ್ತು?"

ಸಮಯದ ಬಗ್ಗೆ ನಾವು ಇಷ್ಟು ತಲೆ ಕೆಡಿಸಿಕೊಳ್ಳುವುದಕ್ಕೆ ಕಾರಣ ಇದೆ. ವಾಸ್ಪ್-12ಬಿ ಅನ್ನುವ ಗ್ರಹ ತನ್ನ ನಕ್ಷತ್ರವನ್ನು ಒಂದು ದಿನಕ್ಕಿಂತ ಸ್ವಲ್ಪ ಜಾಸ್ತಿ ಹೊತ್ತಿನಲ್ಲಿ ಸುತ್ತುತ್ತದೆ. ಅದರ ಸುತ್ತಿನ ಕಾಲ ವರ್ಷಕ್ಕೆ ಸುಮಾರು 29 ಮಿಲಿಸೆಕೆಂಡು ಕಡಿಮೆಯಾಗುತ್ತಿದೆ. ಅಂದರೆ ಗ್ರಹ ನಿಧಾನಕ್ಕೆ ನಕ್ಷತ್ರದ ಕಡೆ ಜಾರುತ್ತಿದೆ. ಇಂಥದ್ದನ್ನು ಹಿಡಿಯಬೇಕಾದರೆ ನಾವು ನಿಂತಿರುವ ಭೂಮಿ ಸೂರ್ಯನ ಆಚೆ ಇತ್ತಾ ಈಚೆ ಇತ್ತಾ ಅಂತಲೂ ಲೆಕ್ಕ ಹಾಕಬೇಕು. ಬೆಳಕಿಗೆ ಸೂರ್ಯನಿಂದ ಇಲ್ಲಿಗೆ ಬರಲು ಎಂಟು ನಿಮಿಷ ಬೇಕಲ್ಲಾ? ಆರು ತಿಂಗಳ ಅಂತರದಲ್ಲಿ ಅದೇ ನಕ್ಷತ್ರದ ಸುದ್ದಿ ನಮಗೆ ಹದಿನಾರು ನಿಮಿಷದವರೆಗೂ ಹಿಂದೆ ಮುಂದೆ ಆಗಬಹುದು. ಪುಣ್ಯಕ್ಕೆ ಈ ಲೆಕ್ಕ ನಾವು ಕೈಯಲ್ಲಿ ಮಾಡುವುದಿಲ್ಲ. ಪೈಥಾನ್ ಭಾಷೆಯಲ್ಲಿ ಆಸ್ಟ್ರೋಪೈ ಅನ್ನುವ ಉಚಿತ ತಂತ್ರಾಂಶ ಇದೆ, ಎಷ್ಟೋ ದೇಶದವರು ಸೇರಿ ಬರೆದದ್ದು. ಕೆಲವು ಸಾಲು ಕೋಡಿನಲ್ಲಿ ಆಗಿಹೋಗುತ್ತದೆ. ಆದರೆ ಅದನ್ನು ಕರೆಯಬೇಕು ಅಂತ ನಮಗೆ ಹೊಳೆಯಬೇಕು.

ನಾನೊಬ್ಬಳೇ ಹೀಗೆ ಬಿದ್ದವಳು ಅಂದುಕೊಳ್ಳಬೇಡಿ. ಆಸ್ಟ್ರೇಲಿಯಾದ ಪಾರ್ಕ್ಸ್‌ನಲ್ಲಿ 64 ಮೀಟರ್ ಅಗಲದ ರೇಡಿಯೋ ಟೆಲಿಸ್ಕೋಪ್ ಇದೆ. ಅದಕ್ಕೆ ವರ್ಷಗಟ್ಟಲೆ ಒಂದು ವಿಚಿತ್ರ ಸಂಕೇತ ಆಗಾಗ ಬರುತ್ತಿತ್ತು. ಬಹಳ ದೂರದಿಂದ ಬರುವ ರೇಡಿಯೋ ಸಿಡಿತದ ಹಾಗೇ ಇತ್ತು. ಆದರೆ ಊಟದ ಹೊತ್ತಿಗೆ ಜಾಸ್ತಿ ಬರುತ್ತಿತ್ತು! 2015ರಲ್ಲಿ ಹುಡುಕಿ ಹಿಡಿದರು. ಅಲ್ಲಿನವರು ಮೈಕ್ರೋವೇವ್ ಓವನ್‌ನಲ್ಲಿ ಊಟ ಬಿಸಿ ಮಾಡುವಾಗ ಸಮಯ ಮುಗಿಯುವ ಮೊದಲೇ ಬಾಗಿಲು ತೆಗೆಯುತ್ತಿದ್ದರು. ಆ ಒಂದು ಗಳಿಗೆ ಹೊರಗೆ ಬಂದ ಅಲೆ ಅದು. ಹಸಿವಿನ ಆತುರ. ಇದಕ್ಕೆ ನಗುತ್ತೀರಿ ಸರಿ, ಆದರೆ ಬಿಡದೆ ಹುಡುಕಿದರಲ್ಲಾ, ಅದಕ್ಕೆ ನಾನು ಕೈ ಮುಗಿಯುತ್ತೇನೆ. ಅವರು ಆ ಸಂಕೇತವನ್ನು ಬದಿಗಿಟ್ಟ ಮೇಲೆ ಉಳಿದ ಸಿಡಿತಗಳು ನಿಜಕ್ಕೂ ದೂರದವು ಅನ್ನುವುದು ಇನ್ನೂ ಗಟ್ಟಿಯಾಯಿತು.

ನಮ್ಮ ಕೋಡು ಸರಿಯಿದೆ ಅಂತ ನಮಗೆ ಹೇಗೆ ಗೊತ್ತಾಗುತ್ತದೆ? ಚಿಕ್ಕವಳಿದ್ದಾಗ ಅವ್ವ ನನ್ನನ್ನು ಅಕ್ಕಿ ಆರಿಸಲು ಕೂರಿಸುತ್ತಿದ್ದಳು. ನಾನು ಕಳ್ಳಿ, ಮೇಲೆ ಮೇಲೆ ನೋಡಿ ಎದ್ದು ಹೋಗುತ್ತಿದ್ದೆ. ಒಂದು ದಿನ ತಾನೇ ಎಣಿಸಿ ಹತ್ತು ಕಲ್ಲು ಹಾಕಿ ಕೊಟ್ಟಿದ್ದಳಂತೆ. ನಾನು ಆರು ಕೊಟ್ಟೆ. ಬೆನ್ನಿಗೆ ಒಂದು ಬಿತ್ತು. ಈಗ ನಾನು ಕೋಡಿಗೆ ಮಾಡುವುದು ಅದೇ. ನಿಜವಾದ ಡೇಟಾದೊಳಗೆ ನಾನೇ ಸುಳ್ಳು ಗ್ರಹಗಳನ್ನು ಬಚ್ಚಿಟ್ಟು, ಹುಡುಕು ಅನ್ನುತ್ತೇನೆ. ನೂರಕ್ಕೆ ಎಷ್ಟು ಸಿಕ್ಕವು, ಎಂಥವು ತಪ್ಪಿದವು ಅಂತ ನೋಡುತ್ತೇನೆ.

ಇದನ್ನೇ ಮನುಷ್ಯರ ಮೇಲೆ ಮಾಡಿದ ಕಥೆ ಇದೆ. ಗುರುತ್ವದ ಅಲೆ ಹುಡುಕುವ ಲೈಗೋ ತಂಡಕ್ಕೆ 2010ರ ಸೆಪ್ಟೆಂಬರಿನಲ್ಲಿ ಬಲವಾದ ಒಂದು ಸಂಕೇತ ಸಿಕ್ಕಿತು. ತಿಂಗಳುಗಟ್ಟಲೆ ನೂರಾರು ಜನ ಅದರ ಮೇಲೆ ಕೂತರು, ಪ್ರಬಂಧವನ್ನೂ ಬರೆದಿಟ್ಟರು. ತಂಡದ ಒಂದಿಬ್ಬರಿಗೆ ಮಾತ್ರ ಗುಟ್ಟಾಗಿ ಸುಳ್ಳು ಸಂಕೇತ ಹಾಕುವ ಅಧಿಕಾರ ಇದೆ ಅಂತ ಎಲ್ಲರಿಗೂ ಗೊತ್ತಿತ್ತು. ಹಾಕಿದ್ದಾರಾ ಇಲ್ಲವಾ ಅಂತ ಗೊತ್ತಿರಲಿಲ್ಲ. 2011ರ ಮಾರ್ಚಿನಲ್ಲಿ ಎಲ್ಲರೂ ಸೇರಿದ ಸಭೆಯಲ್ಲಿ ಗುಟ್ಟು ಬಿಚ್ಚಿದರು. ಹಾಕಿದ್ದರು. ಪ್ರಬಂಧ ಪೆಟ್ಟಿಗೆಗೆ ಹೋಯಿತು. ನಾಲ್ಕೂವರೆ ವರ್ಷ ಆದಮೇಲೆ, 2015ರ ಸೆಪ್ಟೆಂಬರ್ 14ಕ್ಕೆ ನಿಜವಾದ ಅಲೆ ಬಂದಾಗ ಅವರು ಮೊದಲು ವಿಚಾರಿಸಿದ್ದೇ ಇದನ್ನ: ಯಾರಾದರೂ ಹಾಕಿದಿರಾ? ಈ ಸಲ ಯಾರೂ ಹಾಕಿರಲಿಲ್ಲ.

ಡೇಟಾ ಈಗ ಉಕ್ಕಿ ಹರಿಯುತ್ತಿದೆ. ಚಿಲಿ ದೇಶದ ರೂಬಿನ್ ಟೆಲಿಸ್ಕೋಪಿನ ಕ್ಯಾಮೆರಾ 3200 ಮೆಗಾಪಿಕ್ಸೆಲಿನದು. ಒಂದು ರಾತ್ರಿಗೆ ಸುಮಾರು 20 ಟೆರಾಬೈಟ್ ಲೆಕ್ಕ. ಯಾರೂ ಕೂತು ಒಂದೊಂದೇ ನೋಡುವ ಮಾತಿಲ್ಲ, ಕಂಪ್ಯೂಟರೇ ಆರಿಸಬೇಕು. ಅಷ್ಟರಲ್ಲಿ ವಡೆಗಳೆಷ್ಟು, ಓವನ್‌ಗಳೆಷ್ಟು ಅಂತ ಕೇಳುವವರು ಬೇಕು. ಕೆಲಸ ಹೋಗುತ್ತದಾ ಅಂತ ಮೇಷ್ಟ್ರೊಬ್ಬರು ಚೀಟಿ ಕಳಿಸಿದ್ದಾರೆ. ನನಗೇನೂ ಹಾಗನ್ನಿಸುವುದಿಲ್ಲ.

ಇನ್ನೊಂದು ಚೀಟಿ, ಪಿಯುಸಿ ಓದುವ ಹುಡುಗಿಯದ್ದು. "ನಮ್ಮ ಮನೆಯಲ್ಲಿ ಟೆಲಿಸ್ಕೋಪ್ ಇಲ್ಲ, ಲ್ಯಾಪ್‌ಟಾಪೂ ಇಲ್ಲ. ಏನು ಮಾಡಬಹುದು?" ಲ್ಯಾಪ್‌ಟಾಪ್ ಸಿಕ್ಕ ದಿನ, ಬಾಹ್ಯಾಕಾಶದಿಂದ ನಕ್ಷತ್ರಗಳನ್ನು ಅಳೆದ ಗಯಾ, ಟೆಸ್ ಎರಡೂ ನೌಕೆಗಳ ಡೇಟಾ ಉಚಿತ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಅಲ್ಲಿಯವರೆಗೆ ಒಂದು ನೋಟ್‌ಬುಕ್ಕು ಸಾಕು. ಆಲ್ಗಾಲ್ ಅಂತ ಒಂದು ನಕ್ಷತ್ರ ಇದೆ, ಪರ್ಸಿಯಸ್ ಪುಂಜದಲ್ಲಿ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಉತ್ತರದ ಕಡೆ ಎತ್ತರದಲ್ಲಿರುತ್ತದೆ, ಬರಿಗಣ್ಣಿಗೆ ಚೆನ್ನಾಗಿ ಕಾಣುತ್ತದೆ. 2 ದಿನ 20 ಗಂಟೆ 49 ನಿಮಿಷಕ್ಕೆ ಒಂದು ಸಲ ಅದರ ಬೆಳಕು ಮೂರನೇ ಒಂದು ಪಾಲಿಗಿಂತ ಕೆಳಗಿಳಿಯುತ್ತದೆ. ಜೊತೆಯ ಮಂಕು ನಕ್ಷತ್ರ ಅಡ್ಡ ಬರುತ್ತದೆ. ಇಳಿದು ಏರಲು ಸುಮಾರು ಹತ್ತು ಗಂಟೆ. ಇದನ್ನು ಲೆಕ್ಕ ಹಿಡಿದು 1783ರಲ್ಲಿ ಹೇಳಿದವನು ಇಂಗ್ಲೆಂಡಿನ ಜಾನ್ ಗುಡ್ರಿಕ್. ಹದಿನೆಂಟು ವರ್ಷದ ಹುಡುಗ, ಕಿವಿ ಕೇಳುತ್ತಿರಲಿಲ್ಲ. ಅವನು ನೋಡಿದ್ದೂ ಬರಿಗಣ್ಣಿನಲ್ಲೇ. ಅವನ ಲೆಕ್ಕಕ್ಕೂ ಇವತ್ತಿನದಕ್ಕೂ ಕೆಲವೇ ನಿಮಿಷ ವ್ಯತ್ಯಾಸ.

ಮಹಡಿ ಮೇಲೆ ಹೋಗು. ಪಕ್ಕದ ಆಂಡ್ರೋಮೀಡಾ ಪುಂಜದ ಆಲ್ಮಾಕ್ ನಕ್ಷತ್ರದ ಜೊತೆ ಹೋಲಿಸು. ಸಾಮಾನ್ಯ ದಿನ ಎರಡೂ ಸಮ. ಯಾವತ್ತೋ ರಾತ್ರಿ ಹನ್ನೊಂದಕ್ಕೆ ಆಲ್ಗಾಲ್ ತೀರಾ ಮಂಕಾಗಿ ಕಂಡರೆ, ಮೂರು ದಿನ ಬಿಟ್ಟು ಏಳು ಮುಕ್ಕಾಲಿಗೇ ಮೇಲೆ ಹೋಗಿ ಕಾಯಿ. ತಾರೀಖು, ಗಂಟೆ, ಯಾವುದು ಜಾಸ್ತಿ ಬೆಳಗಿತ್ತು, ಇಷ್ಟು ಬರೆದರೆ ಸಾಕು. ಮೋಡ ಇದ್ದರೆ ಮೋಡ ಅಂತ ಬರಿ. ಬೇಜಾರಾಗಿ ಹೋಗಲಿಲ್ಲ ಅಂದರೆ ಹೋಗಲಿಲ್ಲ ಅಂತಲೇ ಬರಿ. ಖಾಲಿ ಮಾತ್ರ ಬಿಡಬೇಡ. ಆರು ತಿಂಗಳು ಕಳೆದು ಪುಟ ತಿರುಗಿಸಿದಾಗ, ಅವತ್ತು ಮೋಡ ಕವಿದಿತ್ತಾ, ನಿನಗೆ ನಿದ್ದೆ ಬಂದಿತ್ತಾ ಅಂತ ನಿನಗೇ ಗೊತ್ತಾಗುವುದಿಲ್ಲ.